ಕಪ್ಪೆ ಇಟ್ಟ ಮೊಟ್ಟೆಗಳೆಲ್ಲ ಎಲ್ಲಿಗೆ ಹೋಗುತ್ತವೆ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಮೊದಲ ಜೋರು ಮಳೆಗೆ ಮನೆ ಎದುರಿನ ಗದ್ದೆಯಲ್ಲಿ ಕಪ್ಪೆಗಳದ್ದೇ ಗಲಾಟೆ. ಬೆಳಿಗ್ಗೆ ನೋಡಿದರೆ ನೀರಲ್ಲಿ ರಾಶಿ ರಾಶಿ ಮೊಟ್ಟೆ. ಎಂಟನೇ ಕ್ಲಾಸಿನ ಮಗಳು ಕೇಳಿದಳು, "ಅಮ್ಮ, ಇಷ್ಟೆಲ್ಲ ಮೊಟ್ಟೆ ಇಟ್ಟರೂ ಪ್ರತಿ ವರ್ಷ ಕಪ್ಪೆ ಹೆಚ್ಚುಕಮ್ಮಿ ಅಷ್ಟೇ ಇರುತ್ತವಲ್ಲ, ಯಾಕೆ?" ಪ್ರಕೃತಿಯೇ ಸಮತೋಲನ ಮಾಡಿಕೊಳ್ಳುತ್ತದೆ ಅಂದೆ. "ಹಾಗಾದರೆ ಬೂತಾಯಿ ಮೀನು ಯಾಕೆ ಕೆಲವು ವರ್ಷ ಸಿಗಲೇ ಇಲ್ಲ? ಸೊಳ್ಳೆ ಯಾಕೆ ಕಡಿಮೆ ಆಗುವುದಿಲ್ಲ?" ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಇನ್ನೊಂದು ವಿಷಯ: ತೋಟದ ಹೊಂಡಕ್ಕೆ ಗಪ್ಪಿ ಮೀನು ಬಿಟ್ಟರೆ ಸೊಳ್ಳೆ ಹೋಗುತ್ತದೆ ಅನ್ನುತ್ತಾರೆ. ಬಿಡಬಹುದೇ?

ಉತ್ತರ:

ಮೊದಲು ಮಗಳಿಗೆ ನನ್ನ ಕಡೆಯಿಂದ ಒಂದು ಶಾಭಾಸ್ ಹೇಳಿ. ಮಂಗಳೂರಿನಲ್ಲಿ ಸುಮಾರು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಡಿಗ್ರಿ ಮಕ್ಕಳಲ್ಲೂ ಅವಳ ಎರಡನೇ ಪ್ರಶ್ನೆಯನ್ನು ಕೇಳಿದವರು ತೀರಾ ಕಡಿಮೆ. "ಪ್ರಕೃತಿಯ ಸಮತೋಲನ" ಅಂತ ಬರೆದರೆ ಪರೀಕ್ಷೆಯಲ್ಲಿ ಮಾರ್ಕು ಸಿಗುತ್ತಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಮಾತಿನ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ. ತಕ್ಕಡಿ ಹಿಡಿದುಕೊಂಡು ಯಾರೋ ಕೂತಿದ್ದಾರೆ ಅನ್ನುವ ಹಾಗೆ ಕೇಳಿಸುತ್ತದೆ. ಅಲ್ಲಿ ಯಾರೂ ಕೂತಿಲ್ಲ. ಇರುವುದು ಬೇರೆ ಬೇರೆ ಬಗೆಯ ತಡೆಗಳು. ಅವುಗಳಲ್ಲಿ ಒಂದು ಜಾತಿಯ ತಡೆ ತಲೆ ಎಣಿಸುತ್ತದೆ, ಇನ್ನೊಂದು ಜಾತಿಯದು ಎಣಿಸುವುದಿಲ್ಲ. ಕಪ್ಪೆಗೂ ಬೂತಾಯಿಗೂ ಇರುವ ವ್ಯತ್ಯಾಸ ಅರ್ಥ ಆಗಬೇಕಾದರೆ ಈ ಎರಡನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲು ಕಪ್ಪೆಯ ಲೆಕ್ಕ ಹಾಕೋಣ. ನಿಮ್ಮ ಗದ್ದೆಯಲ್ಲಿ ಗಲಾಟೆ ಮಾಡುವುದು ಬಹುಶಃ ಗೋಂಕರ ಕಪ್ಪೆ. ಮುಂಗಾರಿನ ಮೊದಲ ಜೋರು ಮಳೆಗೆ ಗಂಡು ಕಪ್ಪೆಯ ಮೈ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬುತ್ತದೆ. ಟಾರ್ಚ್ ಹಿಡಿದು ಹೋದರೆ ಯಾರೋ ಗದ್ದೆಯಲ್ಲಿ ಬಣ್ಣದ ಪ್ಲಾಸ್ಟಿಕ್ ಆಟಿಕೆ ಚೆಲ್ಲಿದ ಹಾಗೆ ಕಾಣುತ್ತದೆ. ಒಂದು ಹೆಣ್ಣು ಒಂದೇ ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ 2,000 ಇಟ್ಟುಕೊಳ್ಳೋಣ. ಎಲ್ಲವೂ ಬದುಕಿದವು, ಅರ್ಧ ಹೆಣ್ಣಾದವು ಅಂದುಕೊಳ್ಳಿ. ಒಂದು ಜೋಡಿಯಿಂದ ಮೊದಲ ತಲೆಮಾರಿಗೆ 2,000. ಎರಡನೆಯದಕ್ಕೆ 20 ಲಕ್ಷ. ಮೂರನೆಯದಕ್ಕೆ 200 ಕೋಟಿ. ನಾಲ್ಕನೆಯದಕ್ಕೆ ಇಡೀ ಉಡುಪಿ ಜಿಲ್ಲೆಯ ಪ್ರತಿ ಚದರ ಮೀಟರಿನಲ್ಲಿ ಐನೂರಕ್ಕೂ ಜಾಸ್ತಿ ಕಪ್ಪೆ ಇರಬೇಕು. ನಿಮ್ಮ ಅಡುಗೆಮನೆಯೂ ಬಿಟ್ಟಿಲ್ಲ, ಕೃಷ್ಣಮಠದ ರಥಬೀದಿಯೂ ಬಿಟ್ಟಿಲ್ಲ.

ಹಾಗೆ ಆಗುವುದಿಲ್ಲ. ಕಪ್ಪೆ ಪ್ರತಿ ವರ್ಷ ಅಷ್ಟೇ ಇರುತ್ತವೆ ಅಂದರೆ ಒಂದು ಜೋಡಿ ತನ್ನ ಜೀವಮಾನದಲ್ಲಿ ಇಟ್ಟ ಎಲ್ಲ ಮೊಟ್ಟೆಗಳಲ್ಲಿ, ಸರಾಸರಿಯಾಗಿ, ಎರಡೇ ಎರಡು ಮಾತ್ರ ದೊಡ್ಡದಾಗಿ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತವೆ. ಜೀವಮಾನಕ್ಕೆ ಆ 2,000 ಮೊಟ್ಟೆಯೇ ಅಂದುಕೊಂಡರೂ ಉಳಿದ 1,998 ಹೋದವು. ಇಷ್ಟು ಹೇಳಿದರೆ ಎಲ್ಲರೂ "ಅಯ್ಯೋ ಪಾಪ, ಅಷ್ಟೊಂದು ಸಾಯುತ್ತವಾ" ಅನ್ನುತ್ತಾರೆ. ಸಾಯುವುದು ಆಶ್ಚರ್ಯ ಅಲ್ಲ. ಕೇರೆ ಹಾವು, ಬೆಳ್ಳಕ್ಕಿ, ಹುಂಡುಕೋಳಿ, ನೀರೊಳಗಿನ ಹುಳಗಳು, ಬಿಸಿಲು, ಯಾವುದಕ್ಕೂ ಬರಗಾಲ ಇಲ್ಲ. ಆಶ್ಚರ್ಯ ಇರುವುದು ಉಳಿಯುವ ಸಂಖ್ಯೆಯಲ್ಲಿ. ಎರಡೇ ಯಾಕೆ? ನಾಲ್ಕು ಯಾಕಲ್ಲ, ಒಂದು ಯಾಕಲ್ಲ?

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಹವಾಮಾನವೋ ಮತ್ತೊಂದೋ ಪ್ರತಿ ಸಲ ನೂರಕ್ಕೆ 99.9ರಷ್ಟು ಮರಿಗಳನ್ನು ಕೊಲ್ಲುತ್ತದೆ ಅಂದುಕೊಳ್ಳೋಣ. 2,000ದಲ್ಲಿ 2 ಉಳಿದವು, ಸರಿ ಹೋಯಿತು. ಆದರೆ ಅದು 99.8 ಆದರೆ? ನಾಲ್ಕು ಉಳಿಯುತ್ತವೆ. ಪ್ರತಿ ತಲೆಮಾರಿಗೆ ಎರಡು ಪಟ್ಟು. ಹತ್ತು ತಲೆಮಾರಿಗೆ ಸಾವಿರ ಪಟ್ಟು ದಾಟಿತು. ಅದೇ 99.95 ಆದರೆ ಒಂದೇ ಉಳಿಯುತ್ತದೆ. ಹತ್ತು ತಲೆಮಾರಿಗೆ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ, ಕಪ್ಪೆಯ ಕಥೆ ಮುಗಿಯಿತು. ಅಂದರೆ ಬರೀ ಸಾವಿನಿಂದ ಸಂಖ್ಯೆ ನಿಲ್ಲುವುದಿಲ್ಲ. ಕೂದಲೆಳೆಯಷ್ಟು ಆಚೀಚೆ ಆದರೂ ಒಂದೋ ಉಕ್ಕಿ ಹರಿಯುತ್ತದೆ, ಇಲ್ಲವೇ ಬತ್ತಿ ಹೋಗುತ್ತದೆ. ವರ್ಷ ವರ್ಷವೂ ಹೆಚ್ಚುಕಮ್ಮಿ ಅಷ್ಟೇ ಇರಬೇಕಾದರೆ ಜಾಸ್ತಿ ಇದ್ದಾಗ ಜಾಸ್ತಿ ಪಾಲು ಸಾಯಬೇಕು, ಕಡಿಮೆ ಇದ್ದಾಗ ಕಡಿಮೆ ಪಾಲು ಸಾಯಬೇಕು. ನಾನು ತಲೆ ಎಣಿಸುವ ತಡೆ ಅಂದದ್ದು ಇದಕ್ಕೆ. ಪಾಠಪುಸ್ತಕದಲ್ಲಿ ಇದನ್ನು ಸಾಂದ್ರತೆ ಅವಲಂಬಿತ ಅಂಶ ಅನ್ನುತ್ತಾರೆ. ಮಗಳಿಗೆ ಮುಂದೆ ಬೇಕಾಗಬಹುದು, ಬರೆದಿಟ್ಟುಕೊಳ್ಳಲಿ.

ಇದನ್ನು ಕಣ್ಣಾರೆ ನೋಡುವುದು ಕಷ್ಟ ಏನಲ್ಲ. ನಾನು ಮಕ್ಕಳಿಂದ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಎರಡು ಪ್ಲಾಸ್ಟಿಕ್ ಟಬ್ಬು, ಎರಡರಲ್ಲೂ ಗದ್ದೆಯ ನೀರು ಸಮ ಸಮ. ಒಂದಕ್ಕೆ ಹತ್ತು ಗೊದಮೊಟ್ಟೆ, ಇನ್ನೊಂದಕ್ಕೆ ನೂರು. ಎರಡಕ್ಕೂ ದಿನಕ್ಕೆ ಒಂದೇ ಅಳತೆ ಬೇಯಿಸಿದ ಹರಿವೆ ಸೊಪ್ಪು. ಎರಡು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತಿತ್ತು. ಹತ್ತು ಇದ್ದ ಟಬ್ಬಿನಲ್ಲಿ ಗುಂಡು ಗುಂಡಾಗಿ ಬೆಳೆದು ಹಿಂಗಾಲು ಮೂಡುತ್ತಿತ್ತು. ನೂರು ಇದ್ದದ್ದರಲ್ಲಿ ಕೆಲವು ಮಾತ್ರ ದೊಡ್ಡವು, ಉಳಿದವು ಬಂದಾಗ ಹೇಗಿದ್ದವೋ ಹಾಗೇ. ಕಪ್ಪೆಯಾಗಿ ಹೊರಬಂದಾಗಲೂ ಗಾತ್ರ ಸಣ್ಣದು. ಒಂದು ವರ್ಷ ಗೊತ್ತಿಲ್ಲದೆ ಗೋಂಕರ ಕಪ್ಪೆಯ ಮರಿಗಳನ್ನೂ ಸೇರಿಸಿಬಿಟ್ಟಿದ್ದೆವು. ಅವು ಸೊಪ್ಪಿಗೆ ಕಾಯುವ ಜಾತಿ ಅಲ್ಲ. ಪಕ್ಕದ ಗೊದಮೊಟ್ಟೆಗಳನ್ನೇ ತಿನ್ನುತ್ತವೆ, ತಮ್ಮ ಒಡಹುಟ್ಟಿದವನ್ನೂ ಬಿಡುವುದಿಲ್ಲ. ಸೋಮವಾರ ಬಂದು ನೋಡಿದರೆ ಟಬ್ಬು ಅರ್ಧ ಖಾಲಿ. ಒಬ್ಬಳು ಹುಡುಗಿ ಅಳುತ್ತಾ ಕೂತಿದ್ದಳು. ಅವಳಿಗೆ ಸಮಾಧಾನ ಹೇಳುವುದೇ ಆ ದಿನದ ಪ್ರಾಕ್ಟಿಕಲ್ ಆಯಿತು.

ಗದ್ದೆಯಲ್ಲೂ ಇದೇ ನಡೆಯುತ್ತದೆ, ಮೇಲಿಂದ ಒಂದು ಗಡಿಯಾರವೂ ಓಡುತ್ತಿರುತ್ತದೆ. ಮಳೆ ಹತ್ತು ದಿನ ಕೈಕೊಟ್ಟರೆ ತಗ್ಗಿನ ನೀರು ಇಂಗುತ್ತದೆ. ಒತ್ತೊತ್ತಾಗಿ ಇರುವ ಗೊದಮೊಟ್ಟೆಗಳು ನಿಧಾನವಾಗಿ ಬೆಳೆಯುತ್ತವೆ, ಕಾಲು ಬರುವ ಮೊದಲೇ ನೀರು ಆರುತ್ತದೆ. ಅಂತೂ ಕಾಲು ಬಂದು ಹೊರಬಂದರೂ ಸಣ್ಣ ಕಪ್ಪೆಯನ್ನು ನುಂಗಲು ಎಷ್ಟೋ ಬಾಯಿಗಳು ಕಾದಿರುತ್ತವೆ. ಮೊಟ್ಟೆ ಕಡಿಮೆ ಇದ್ದ ವರ್ಷ ಇವೆಲ್ಲ ಸಡಿಲ. ಹಾಗಾಗಿ ಒಂದು ವರ್ಷ ಮೊಟ್ಟೆ ಅರ್ಧಕ್ಕೆ ಇಳಿದರೂ ಕಪ್ಪೆ ಅರ್ಧಕ್ಕೆ ಇಳಿಯುವುದಿಲ್ಲ. ನಿಮ್ಮ ಮಗಳು ನೋಡಿದ "ಅಷ್ಟೇ" ಎನ್ನುವುದರ ಗುಟ್ಟು ಬಹುಪಾಲು ಇಲ್ಲೇ ಇದೆ.

ತಲೆ ಎಣಿಸುವ ತಡೆಗಳಲ್ಲಿ ಆಹಾರ ಒಂದು. ಜಾಗ ಇನ್ನೊಂದು. ಜಾಗದ ಜಗಳ ನೋಡಬೇಕಾದರೆ ಕಾಪು ಬೀಚಿಗೆ ಇಳಿತದ ಹೊತ್ತಿಗೆ ಹೋಗಿ. ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಕಾಲಿಗೆ ತಾಗಿದರೆ ಗೀರುವ ಬಿಳಿ ಬಿಳಿ ಚಿಪ್ಪುಗಳಿವೆಯಲ್ಲ, ಅವು ಬಾರ್ನಕಲ್. ಏಡಿಯ ಸಂಬಂಧಿಕರು. ಮರಿಯಾಗಿದ್ದಾಗ ನೀರಲ್ಲಿ ತೇಲುತ್ತವೆ, ಒಮ್ಮೆ ಬಂಡೆಗೆ ಅಂಟಿದರೆ ಸಾಯುವವರೆಗೆ ಅಲ್ಲೇ. ಇವುಗಳ ಮೇಲೆ ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಒಂದು ಸೊಗಸಾದ ಕೆಲಸ ಮಾಡಿ 1961ರಲ್ಲಿ ಪ್ರಕಟಿಸಿದರು. ಅಲ್ಲಿ ಎರಡು ಜಾತಿಗಳು. ಒಂದು ಬಂಡೆಯ ಮೇಲ್ಭಾಗದಲ್ಲಿ, ಇನ್ನೊಂದು ಕೆಳಗೆ. ಕೆಳಗಿನದನ್ನು ಕೆರೆದು ತೆಗೆದ ಕಡೆ ಮೇಲಿನದು ಕೆಳಗೂ ಚೆನ್ನಾಗಿಯೇ ಬೆಳೆಯಿತು. ಅಂದರೆ ಅದಕ್ಕೆ ಕೆಳಗಿನ ಜಾಗ ಆಗದೆ ಇದ್ದದ್ದಲ್ಲ, ಬೇಗ ಬೇಗ ಬೆಳೆಯುವ ಇನ್ನೊಂದು ಜಾತಿ ಅದನ್ನು ಮುಚ್ಚಿ, ಎಬ್ಬಿ ತೆಗೆದು ಸಾಯಿಸುತ್ತಿತ್ತು. ಆ ಇನ್ನೊಂದಕ್ಕೆ ಮೇಲೆ ಹೋಗಲು ತಡೆ ಬೇರೆಯೇ. ಇಳಿತದಲ್ಲಿ ಗಂಟೆಗಟ್ಟಲೆ ನೀರಿಲ್ಲದೆ ಒಣಗುವುದನ್ನು ಅದು ತಡೆದುಕೊಳ್ಳಲಾರದು. ಒಂದೇ ಬಂಡೆ, ಮೇಲಿನ ಗೆರೆ ಹಾಕುವುದು ಬಿಸಿಲು ಗಾಳಿ, ಕೆಳಗಿನ ಗೆರೆ ಹಾಕುವುದು ನೆರೆಮನೆಯವರು!

ಯಾವ ತಡೆ ಯಾವಾಗ ಕೆಲಸ ಮಾಡುತ್ತದೆ ಅನ್ನುವುದು ಬದಲಾಗುತ್ತಾ ಇರುತ್ತದೆ. ಮದುವೆ ಊಟಕ್ಕೆ ಐನೂರು ಜನರ ಅನ್ನ ಸಾರು ತಯಾರಿದೆ, ಬಾಳೆಲೆ ಬಂದದ್ದು ಇನ್ನೂರೇ ಅಂದುಕೊಳ್ಳಿ. ಆಗ ಇನ್ನೂ ಎರಡು ಹಂಡೆ ಸಾರು ಮಾಡಿ ಏನು ಪ್ರಯೋಜನ? ಎಲೆ ತರಿಸಿದ ಮೇಲೆ ಬಡಿಸುವ ಜನ ಸಾಲದೆ ಹೋಗಬಹುದು. ಜೀವಿಗಳಿಗೂ ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದೇ ಆ ಹೊತ್ತಿನ ಮಿತಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೇ ಶತಮಾನದಲ್ಲೇ ಗೊಬ್ಬರದ ವಿಷಯದಲ್ಲಿ ಇದನ್ನು ಹೇಳಿದ್ದರು. ಗದ್ದೆಯಲ್ಲಿ ರಂಜಕ ಕಡಿಮೆ ಇದ್ದರೆ ಯೂರಿಯಾ ಎಷ್ಟು ಸುರಿದರೂ ಪೈರು ಮೇಲೇಳದು. ನಮ್ಮ ಕಪ್ಪೆಗಳ ವಿಷಯದಲ್ಲೂ ಇದನ್ನು ಯೋಚಿಸಬೇಕು. ನಾನು ಹುಡುಗನಾಗಿದ್ದಾಗ ನಮ್ಮ ಬೈಲಿನಲ್ಲಿ ಹುಣಿಯಿಂದ ಹುಣಿಗೆ (ಬದುವಿನಿಂದ ಬದುವಿಗೆ) ನೀರು ನಿಲ್ಲುತ್ತಿತ್ತು, ಮಳೆಗಾಲ ಪೂರ್ತಿ. ಈಗ ಅದರಲ್ಲಿ ಮುಕ್ಕಾಲು ಪಾಲು ಅಡಿಕೆ ತೋಟ, ಉಳಿದದ್ದು ಹಡಿಲು ಬಿದ್ದ ಪಾಳು ಗದ್ದೆ ಅಥವಾ ಮಣ್ಣು ತುಂಬಿಸಿದ ಸೈಟು. ಅಲ್ಲಿ ಕಪ್ಪೆಗೆ ಹುಳ ಹುಪ್ಪಟೆ ಕಡಿಮೆ ಆಗಿಲ್ಲ, ಮೊಟ್ಟೆ ಇಡುವ ತೆಳು ನೀರು ಕಡಿಮೆ ಆಗಿದೆ.

ಶತ್ರುಗಳೂ ರೋಗಗಳೂ ತಲೆ ಎಣಿಸುತ್ತವೆ. ಎಲ್ಲವೂ ಅಲ್ಲ, ಕೆಲವು. ತೆಂಗಿನ ತೋಟ ಇದ್ದವರಿಗೆ ಕುರುವಾಯಿ ದುಂಬಿ ಗೊತ್ತು. ಸುಳಿ ಕೊರೆದು ಗರಿಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುತ್ತದೆ. ಅದರ ಮರಿ ಇರುವುದು ಹಸಿ ಮರದಲ್ಲಲ್ಲ, ಹೆಚ್ಚಾಗಿ ಗೊಬ್ಬರದ ಗುಂಡಿಯಲ್ಲಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಗೊಬ್ಬರದ ಗುಂಡಿಗೆ ಹಾಕಲು ಹೇಳುವ ಹಸಿರು ಶಿಲೀಂಧ್ರ ಇದೆ, ಮೆಟರೈಜಿಯಂ ಅಂತ. ಅದು ತಾಗಿದ ಬಿಳಿ ಹುಳ ಸತ್ತು ಮೇಲೆಲ್ಲ ಹಸಿರು ಹಿಟ್ಟು ಬಳಿದ ಹಾಗಾಗುತ್ತದೆ. ಇದೇ ದುಂಬಿಗೆ ಒಂದು ವೈರಸ್ಸೂ ಇದೆ. 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಪತ್ತೆ ಆದದ್ದು. ದುಂಬಿಯಿಂದ ದುಂಬಿಗೆ ಹರಡುತ್ತದೆ. ದುಂಬಿ ಜಾಸ್ತಿ ಇದ್ದಷ್ಟೂ ಒಂದಕ್ಕೊಂದು ಸಿಗುವುದು ಜಾಸ್ತಿ, ರೋಗ ಹರಡುವುದೂ ಜಾಸ್ತಿ. ಅಲ್ಲೊಂದು ಇಲ್ಲೊಂದು ಇದ್ದಾಗ ವೈರಸ್ಸಿಗೂ ಕೆಲಸ ಇಲ್ಲ. ಕೀಟನಾಶಕಕ್ಕೆ ಈ ಬುದ್ಧಿ ಇಲ್ಲ. ಅದು ಹತ್ತಿದ್ದರೂ ಅಷ್ಟೇ ಪಾಲು ಕೊಲ್ಲುತ್ತದೆ, ಸಾವಿರ ಇದ್ದರೂ ಅಷ್ಟೇ ಪಾಲು. ಜೊತೆಗೆ ಶತ್ರುವಿನ ಶತ್ರುವನ್ನೂ ಕೊಲ್ಲುತ್ತದೆ.

ತಲೆ ಎಣಿಸುವ ತಡೆ ಇದ್ದ ಮಾತ್ರಕ್ಕೆ ಎಲ್ಲ ನೆಟ್ಟಗಿರುತ್ತದೆ ಅಂತಲೂ ಅಲ್ಲ. ಕೆಲವು ಸಲ ತಡೆ ತಡವಾಗಿ ಬರುತ್ತದೆ. ಅಲಾಸ್ಕಾದ ಹತ್ತಿರ ಸೇಂಟ್ ಮ್ಯಾಥ್ಯೂ ಎಂಬ ದ್ವೀಪ ಇದೆ. 1944ರಲ್ಲಿ ಅಲ್ಲಿ 29 ಹಿಮಸಾರಂಗ ಬಿಟ್ಟರು. ತಿನ್ನಲು ಕಲ್ಲುಹೂವು ಬೇಕಾದಷ್ಟು, ತೋಳ ಒಂದೂ ಇಲ್ಲ. 1957ಕ್ಕೆ 1,350. 1963ಕ್ಕೆ 6,000. 1966ರಲ್ಲಿ ಹೋಗಿ ಎಣಿಸಿದಾಗ ಸಿಕ್ಕಿದ್ದು 42. ಕಲ್ಲುಹೂವು ಮತ್ತೆ ಬೆಳೆಯಲು ದಶಕಗಳೇ ಬೇಕು. ಹಿಂದಿನವರು ಕೂಡಿಟ್ಟದ್ದನ್ನು ತಿಂದು ಬೆಳೆದ ಹಿಂಡು ಅದು, ಖಜಾನೆ ಖಾಲಿ ಆಗುವವರೆಗೆ ಹೊಟ್ಟೆಗೆ ಗೊತ್ತಾಗಲಿಲ್ಲ. ಮೇಲಿಂದ ಈ ನಡುವಿನ ಒಂದು ಚಳಿಗಾಲ ಭಯಂಕರವಾಗಿತ್ತು. ಹಸಿವು ತಲೆ ಎಣಿಸಿತು, ಚಳಿ ಎಣಿಸಲಿಲ್ಲ, ಎರಡೂ ಒಟ್ಟಿಗೆ ಬಂದವು.

ಇದನ್ನು ನೆನಪಿಟ್ಟುಕೊಂಡು ಬೂತಾಯಿಗೆ ಬರೋಣ. ಕುಂದಾಪುರ ಕಡೆ ಬೈಗೆ ಅನ್ನುವುದು ಇದನ್ನೇ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ, ಅದೂ ಹೆಚ್ಚಾಗಿ ಮಳೆಗಾಲದಲ್ಲಿ. ಆಯುಸ್ಸು ಎರಡು, ಎರಡೂವರೆ ವರ್ಷ. ಹಾಗಾಗಿ ಒಂದು ವರ್ಷದ ಮರಿಗಳು ಕೈಕೊಟ್ಟರೆ ಹಿಂದಿನ ವರ್ಷಗಳ ದೊಡ್ಡ ದಾಸ್ತಾನು ಅಂತ ಏನೂ ಇರುವುದಿಲ್ಲ. ಇನ್ನು ಮರಿಯ ಪಾಡು ನೋಡಿ. ಮೊಟ್ಟೆಯಿಂದ ಹೊರಬಂದಾಗ ಹೊಟ್ಟೆಯಡಿ ಒಂದು ಚೀಲದಲ್ಲಿ ಬುತ್ತಿ ಇರುತ್ತದೆ, ಕೆಲವೇ ದಿನದ ಬುತ್ತಿ. ಅದು ಮುಗಿಯುವುದರೊಳಗೆ ಅದರ ಪುಟ್ಟ ಬಾಯಿಗೆ ಹಿಡಿಯುವ ಸೂಕ್ಷ್ಮಜೀವಿಗಳು ಸುತ್ತಲಿನ ನೀರಲ್ಲಿ ದಟ್ಟವಾಗಿ ಇರಬೇಕು. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಮೀನಿನ ಬೆಳೆ ಏಳುವುದೂ ಬೀಳುವುದೂ ಈ ಮೊದಲ ದಿನಗಳಲ್ಲೇ ತೀರ್ಮಾನ ಆಗುತ್ತದೆ ಅಂತ ನಾರ್ವೆಯ ಮೀನು ವಿಜ್ಞಾನಿ ಯೊಹಾನ್ ಯೋರ್ಟ್ 1914ರಲ್ಲೇ ವಾದಿಸಿದ್ದರು.

ಆ ಆಹಾರ ಎಲ್ಲಿಂದ ಬರುತ್ತದೆ? ಕೆಳಗಿನಿಂದ. ಮುಂಗಾರಿನ ಗಾಳಿ ಬೀಸುವ ಕಾಲಕ್ಕೆ ನಮ್ಮ ಕರಾವಳಿಯಲ್ಲಿ ಮೇಲಿನ ನೀರು ಹೊರಕ್ಕೆ ಸರಿಯುತ್ತದೆ, ಆಳದ ತಣ್ಣನೆಯ ನೀರು ಸಾರವನ್ನು ಹೊತ್ತುಕೊಂಡು ಮೇಲೆ ಬರುತ್ತದೆ. ಗೊಬ್ಬರ ಬಿದ್ದ ಗದ್ದೆಯ ಹಾಗೆ ಸಮುದ್ರ ಹಸಿರಾಗುತ್ತದೆ. ಬೂತಾಯಿಯ ಅನ್ನ ಅದೇ. ಮಲ್ಪೆಯ ಹಿರಿಯ ಮೀನುಗಾರರು ತೂಫಾನ್ ಆಗದೆ ಮೀನು ಬರುವುದಿಲ್ಲ ಅನ್ನುತ್ತಾರೆ. ಸುಮ್ನೆ ಹೇಳುವ ಮಾತಲ್ಲ. ಕಡಲು ಕಲಕಿದರೆ ತಾನೇ ಕೆಳಗಿನ ಸಾರ ಮೇಲೆ ಬರುವುದು. ಆದರೆ ಅತಿಯಾದರೂ ಕಷ್ಟ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದು ದಡದ ತನಕ ಬಂದರೆ ಮೀನು ಜಾಗ ಬಿಟ್ಟು ಹೋಗಬೇಕಾಗುತ್ತದೆ. ಗಾಳಿ ಎಷ್ಟು ಬೀಸಬೇಕು ಅಂತ ಗಾಳಿ ಬೂತಾಯಿಗಳನ್ನು ಎಣಿಸಿ ನಿರ್ಧಾರ ಮಾಡುವುದಿಲ್ಲ. ಕೋಟಿ ಇದ್ದರೂ ಅದೇ ಗಾಳಿ, ಲಕ್ಷ ಇದ್ದರೂ ಅದೇ ಗಾಳಿ. ಬೂತಾಯಿಯ ಮೇಲೆ ತಲೆ ಎಣಿಸದ ತಡೆಯ ಕೈ ಜೋರು. ಅದಕ್ಕೇ ಅದು ನಿಮ್ಮ ಗದ್ದೆಯ ಕಪ್ಪೆಯ ಹಾಗೆ ಒಂದೇ ಮಟ್ಟದಲ್ಲಿ ಇರುವುದಿಲ್ಲ.

ಕೇರಳದ ಅಂಕಿ ನೋಡಿದರೆ ಏರಿಳಿತ ಎಷ್ಟು ಅಂತ ಗೊತ್ತಾಗುತ್ತದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ನೂರಕ್ಕೆ ಒಂದೂ ಅಲ್ಲ. ಆಮೇಲಿನ ವರ್ಷಗಳಲ್ಲಿ ಮತ್ತೆ ಲಕ್ಷ ಟನ್ ದಾಟಿತು. ಈ ಮಧ್ಯೆ ಶಾಂತ ಸಾಗರದ ಮೇಲಿನ ನೀರು ಬಿಸಿಯೇರುವ ಎಲ್ ನಿನೊ 2015ರಲ್ಲಿ ಬಂದು ಹೋಗಿತ್ತು, ಕಡಲು ಬಿಸಿಯಾಗಿತ್ತು. ನಮ್ಮ ಕಡೆಯೂ ಮಾರ್ಕೆಟಿನಲ್ಲಿ ಬೂತಾಯಿಯ ರೇಟು ಕೇಳಿ ವಾಪಸ್ ಬಂದ ದಿನಗಳು ನೆನಪಿವೆಯಲ್ಲ. ಬಡವರ ಮೀನು ಅನ್ನುತ್ತಿದ್ದದ್ದು ದುಬಾರಿ ಅಂಜಲ್ ಮೀನಿನ ಪಕ್ಕ ಕೂತಿತ್ತು.

ಹಾಗಾದರೆ ಎಲ್ಲ ತಪ್ಪೂ ಹವಾಮಾನದ್ದೇ, ಬಲೆಯದ್ದು ಏನೂ ಇಲ್ಲವೇ ಅಂದರೆ, ಹಾಗೂ ಅಲ್ಲ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಬೆಲ್ಜಿಯಂನ ಫೆರ್ಹುಲ್ಸ್ಟ್ ಎಂಬ ಗಣಿತಜ್ಞ 1838ರಲ್ಲಿ ಒಂದು ಸಮೀಕರಣ ಕೊಟ್ಟ. ಜಾಗ ತುಂಬುತ್ತಾ ಹೋದ ಹಾಗೆ ಬೆಳವಣಿಗೆ ನಿಧಾನ ಆಗುತ್ತದೆ ಅನ್ನುವುದೇ ಅದರ ಸಾರ. ಆ ಲೆಕ್ಕದಲ್ಲಿ ಸಂಖ್ಯೆ ವೇಗವಾಗಿ ಬೆಳೆಯುವುದು ಜಾಗ ಪೂರ್ತಿ ತುಂಬಿದಾಗಲೂ ಅಲ್ಲ, ಪೂರ್ತಿ ಖಾಲಿ ಇದ್ದಾಗಲೂ ಅಲ್ಲ, ಅರ್ಧ ತುಂಬಿದಾಗ. ಹಾಗಾಗಿ ಒಂದಷ್ಟು ಮೀನು ಹಿಡಿದರೆ ಉಳಿದವಕ್ಕೆ ಆಹಾರ ಜಾಸ್ತಿ ಸಿಕ್ಕಿ, ಕೊರತೆ ತುಂಬಿಕೊಳ್ಳುತ್ತದೆ. ಮೀನುಗಾರಿಕೆ ಎಂಬ ಕಸುಬು ನಿಂತಿರುವುದೇ ಈ ಮರುತುಂಬುವಿಕೆಯ ಮೇಲೆ. ಆದರೆ ತುಂಬಿಕೊಳ್ಳಬೇಕಾದರೆ ಮೊಟ್ಟೆ ಇಡುವಷ್ಟು ದೊಡ್ಡದಾಗಲು ಬಿಡಬೇಕಲ್ಲ? ಬೆರಳುದ್ದದ ಮರಿ ಬೂತಾಯಿಯನ್ನು ಟನ್‌ಗಟ್ಟಲೆ ಹಿಡಿದು ಫಿಶ್‌ಮೀಲ್ (ಮೀನಿನ ಹಿಟ್ಟು) ಕಾರ್ಖಾನೆಗೆ ಕಳಿಸಿದರೆ ತುಂಬುವುದು ಎಲ್ಲಿಂದ? ಗಾಳಿ ಕೈಕೊಟ್ಟ ವರ್ಷವೂ ಬಲೆ ಅಷ್ಟೇ ಬಿದ್ದರೆ ಹಿಮಸಾರಂಗದ ದ್ವೀಪದ ಹಾಗೆ ಎರಡು ಪೆಟ್ಟು ಒಟ್ಟಿಗೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳಿಗೆ ರಜೆ ಇರುವುದು ಒಳ್ಳೆಯದೇ. ಆದರೆ ಆ ರಜೆಯಲ್ಲಿ ಹುಟ್ಟಿದ ಮರಿ ಆಗಸ್ಟ್ ಸೆಪ್ಟೆಂಬರಿನಲ್ಲಿ ಇನ್ನೂ ಮರಿಯೇ.

ಒಂದು ಸಣ್ಣ ಮಾತು ಇಲ್ಲೇ ಸೇರಿಸುತ್ತೇನೆ. ಕಡಿಮೆ ಆದಷ್ಟೂ ತಡೆ ಸಡಿಲ ಆಗುತ್ತದೆ ಅಂದೆನಲ್ಲ, ಅದಕ್ಕೂ ಒಂದು ಮಿತಿ ಇದೆ. ತೀರಾ ಕಡಿಮೆ ಆದರೆ ಜೋಡಿಯೇ ಸಿಗುವುದಿಲ್ಲ, ಗುಂಪಿನ ರಕ್ಷಣೆ ತಪ್ಪುತ್ತದೆ. ಅಮೆರಿಕದ ವಾರ್ಡರ್ ಆಲೀ ಎಂಬವರು ಗೋಲ್ಡ್‌ಫಿಶ್‌ಗಳನ್ನು ವಿಷದ ನೀರಿನಲ್ಲಿ ಇಟ್ಟು ನೋಡಿದ್ದರು. ಒಂಟಿ ಮೀನು ಬೇಗ ಸತ್ತಿತು, ಅಷ್ಟೇ ನೀರಿನಲ್ಲಿ ಹತ್ತು ಒಟ್ಟಿಗಿದ್ದಾಗ ಜಾಸ್ತಿ ಹೊತ್ತು ಬದುಕಿದವು. ಕಪ್ಪೆಯ ವಿಷಯದಲ್ಲೂ ನಾವು ಈ ಅಪಾಯದ ಕಡೆಗೆ ಹೆಜ್ಜೆ ಇಟ್ಟಿದ್ದವರೇ. ಒಂದು ಕಾಲದಲ್ಲಿ ಗೋಂಕರ ಕಪ್ಪೆಯ ಕಾಲು ನಮ್ಮ ದೇಶದಿಂದ ರಾಶಿ ರಾಶಿ ವಿದೇಶಕ್ಕೆ ಹೋಗುತ್ತಿತ್ತು. 1987ರಲ್ಲಿ ರಫ್ತು ನಿಷೇಧ ಆಯಿತು.

ಈಗ ಸೊಳ್ಳೆ. ಅದು ಯಾಕೆ ಕಡಿಮೆ ಆಗುವುದಿಲ್ಲ ಅಂದರೆ, ನಾವು ತಪ್ಪು ತಡೆಯ ಮೇಲೆ ಕೈಯಿಡುತ್ತೇವೆ. ಮಂಗಳೂರಿಗೆ ಮಲೇರಿಯಾ ಹೊಸತಲ್ಲ. ಅದನ್ನು ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಗೆ ಚರಂಡಿ ಬೇಡ, ನಿಂತ ಶುದ್ಧ ನೀರು ಬೇಕು. ಟೆರೇಸಿನ ಮುಚ್ಚಳ ಇಲ್ಲದ ಟ್ಯಾಂಕು, ಬಾವಿ, ಕಟ್ಟಡ ಕಟ್ಟುವಾಗ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸುವ ನೀರು. ಈ ಸೊಳ್ಳೆಗೆ ರಕ್ತಕ್ಕೆ ಬರ ಇಲ್ಲ, ನಾವೆಲ್ಲ ಇದ್ದೇವಲ್ಲ. ಅದರ ಮಿತಿ ಮೊಟ್ಟೆ ಇಡುವ ಜಾಗ. ನಗರ ಬೆಳೆದ ಹಾಗೆ ಆ ಜಾಗವನ್ನು ನಾವೇ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಕೊಟ್ಟೆವು. ಮೇಲಿನ ಟ್ಯಾಂಕನ್ನು ಹಾಗೇ ಬಿಟ್ಟು ರಸ್ತೆಯಲ್ಲಿ ಹೊಗೆ ಹಾಕಿದರೆ ಸಂಜೆಗೆ ಸಮಾಧಾನ, ವಾರ ಹತ್ತು ದಿನದಲ್ಲಿ ಹೊಸ ಬ್ಯಾಚು ತಯಾರು.

ಇನ್ನೂ ಒಂದು ವಿಚಿತ್ರ ಇದೆ. ನೀರಲ್ಲಿ ಸೊಳ್ಳೆಮರಿ ಒತ್ತೊತ್ತಾಗಿ ಇದ್ದು, ಆಹಾರ ಸಾಲದೆ ಹೇಗೂ ಅರ್ಧ ಸಾಯುವ ಸ್ಥಿತಿಯಲ್ಲಿದೆ ಅಂದುಕೊಳ್ಳಿ. ನೀವು ಹೋಗಿ ಅರ್ಧದಷ್ಟನ್ನು ಕೊಂದಿರಿ. ಉಳಿದ ಅರ್ಧಕ್ಕೆ ಹೊಟ್ಟೆ ತುಂಬ ಊಟ. ಕೊನೆಗೆ ಹಾರಿ ಬರುವ ಸೊಳ್ಳೆ ಮೊದಲಿನಷ್ಟೇ, ಕೆಲವು ಸಲ ಒಂದು ಕೈ ಜಾಸ್ತಿಯೇ! ನನ್ನ ಟಬ್ಬಿನ ಗೊದಮೊಟ್ಟೆಗಳ ಕಥೆಯೇ ಇದು. ಹಾಗಾಗಿ ಅರೆಬರೆ ಕೊಲ್ಲುವುದಕ್ಕಿಂತ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಒಣಗಿಸುವುದು, ಟ್ಯಾಂಕಿಗೆ ಮುಚ್ಚಳ ಹಾಕುವುದು ಎಷ್ಟೋ ಮೇಲು.

ಕೊನೆಗೆ ನಿಮ್ಮ ಗಪ್ಪಿ ಮೀನು. ಸಿಮೆಂಟಿನ ತೊಟ್ಟಿ, ಎಲ್ಲಿಗೂ ಹರಿಯದ ಟ್ಯಾಂಕು, ಬಳಸದ ಬಾವಿ, ಇಂಥ ಕಡೆ ಧಾರಾಳ ಬಿಡಿ. ಅಲ್ಲಿ ಸೊಳ್ಳೆಮರಿಗೆ ಬೇರೆ ಶತ್ರು ಇಲ್ಲ, ಗಪ್ಪಿ ಆ ಕೆಲಸ ಮಾಡುತ್ತದೆ. ತೋಟದ ಹೊಂಡಕ್ಕೆ ಬಿಡುವ ಮೊದಲು ಎರಡು ವಿಷಯ ನೋಡಿ. ಅದು ಬೇಸಿಗೆಯಲ್ಲಿ ಒಣಗುತ್ತದೆಯೇ? ಒಣಗುವುದಾದರೆ ಬಿಡಬೇಡಿ. ಮೀನು ಹೇಗೂ ಸಾಯುತ್ತದೆ. ಅದಕ್ಕಿಂತ ಮುಖ್ಯ, ಕಪ್ಪೆಗಳು ಅಂಥ ಹೊಂಡಗಳನ್ನು ಹುಡುಕಿಕೊಂಡು ಬರುವುದೇ ಅಲ್ಲಿ ಮೀನು ಇಲ್ಲ ಅಂತ. ಗಪ್ಪಿಯ ಬಾಯಿಗೆ ಸೊಳ್ಳೆಮರಿ, ಈಗಷ್ಟೇ ಹೊರಬಂದ ಗೊದಮೊಟ್ಟೆ ಎಂಬ ಭೇದ ಇಲ್ಲ. ಎರಡನೆಯದು, ಮಳೆಗಾಲದಲ್ಲಿ ಹೊಂಡ ತುಂಬಿ ತೋಡಿಗೆ ಹರಿಯುತ್ತದೆಯೇ? ಹರಿದರೆ ಗಪ್ಪಿ ತೋಡಿನಿಂದ ಹೊಳೆಗೆ ಹೋಗುತ್ತದೆ, ಅಲ್ಲಿನ ಮೀನುಗಳ ಜೊತೆ ಹೊಸ ಪೈಪೋಟಿ ಶುರು.

ಬಿಡುವ ಮೊದಲು ಮಗಳ ಹತ್ತಿರ ಒಂದು ಕೆಲಸ ಮಾಡಿಸಿ. ಟೀ ಸೋಸುವ ಜಾಲರಿಗೆ ಉದ್ದ ಕೋಲು ಕಟ್ಟಿಕೊಂಡು, ನೀವು ಪಕ್ಕದಲ್ಲೇ ನಿಂತು, ಹೊಂಡದ ಅಂಚಿನಲ್ಲಿ ಹತ್ತು ಸಲ ಎತ್ತಿ ಬಿಳಿ ತಟ್ಟೆಗೆ ಸುರಿಯಲಿ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಬೆನ್ನಡಿಯಾಗಿ ಈಜುವ ನೀರು ಹುಳಗಳು, ಗೋಂಕರ ಕಪ್ಪೆಯ ದಪ್ಪ ತಲೆಯ ಗೊದಮೊಟ್ಟೆಗಳು ಸಿಕ್ಕಿದರೆ ಅವೆಲ್ಲ ಸೊಳ್ಳೆಮರಿ ತಿನ್ನುವವೇ. ಆಗ ನಿಮ್ಮ ಮನೆಯ ಸೊಳ್ಳೆ ಆ ಹೊಂಡದಿಂದ ಬರುತ್ತಿರುವ ಸಾಧ್ಯತೆ ಕಡಿಮೆ. ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರ ಇದ್ದರೆ ಹಾಲು ಹಿಡಿಯುವ ಕಪ್ಪು, ಬಾವಿಕಟ್ಟೆ ಹತ್ತಿರದ ಹಳೆ ಬಕೆಟು, ಇವನ್ನು ಒಂದು ಸುತ್ತು ನೋಡಿಕೊಂಡು ಬನ್ನಿ.